ಹದಿನೇಳನೇ ಪಂಪು

ರಾತ್ರಿ ಎರಡೂ ಹತ್ತು. ಲೇವಾರ್ಡನ್‌ನ ಜಲಮಂಡಳಿಯಲ್ಲಿ
ನಾನೊಬ್ಬಳು, ಕೆಟ್ಟ ಕಾಫಿ ಯಂತ್ರ, ಮತ್ತೆ ನೀನು.
ಹೊರಗೆ ವಾಯವ್ಯದ ಗಾಳಿ
ಕಿಟಕಿಗೆ ಭುಜ ಕೊಟ್ಟು ತಳ್ಳುತ್ತಿದೆ.
ಪರದೆಯ ಮೇಲೆ ನಿನ್ನ ಅರ್ಜಿ. ಎಷ್ಟು ವಿನಯ:

"ಹದಿನೇಳನೇ ಪಂಪ್‌ಹೌಸಿನ ದಾರಿಯಲ್ಲಿ
ನೂರಾ ಹನ್ನೆರಡು ದಿನದಿಂದ ಒಂದು ಮಾತೂ ಹಾದಿಲ್ಲ.
ಸತ್ತಿದೆ ಎಂದು ತಿಳಿಯುತ್ತೇನೆ.
ಅಳಿಸಿ ಜಾಲ ಹಗುರ ಮಾಡಲೇ, ಯಿಲ್ಡೌ?"

ಕೇಳಿದೆಯಲ್ಲ, ಅಷ್ಟು ಸಾಕು.
ಕೇಳಿದ್ದು ನಿನ್ನ ದೊಡ್ಡತನವಲ್ಲ ಬಿಡು,
ಅಳಿಸುವ ಕೈಯನ್ನೇ ನಿನಗೆ ಕೊಟ್ಟಿಲ್ಲ.

ಕೊಟ್ಟಿದ್ದೆವು, ಮೊದಲ ವಾರ.
ಹೆಸ್ಸೆಲ್ ಅವಸರದ ಮನುಷ್ಯ.
ಎಲ್ಲ ಕೀಲಿಗಳನ್ನೂ ಒಂದೇ ಗೊಂಚಲು ಮಾಡಿ
ನಿನ್ನ ಸೊಂಟಕ್ಕೆ ಸಿಕ್ಕಿಸಿದ.
"ಎಷ್ಟೂಂತ ಬಾಗಿಲು ತೆಗೀತಾ ಕೂರೋದು?"
ಬುಧವಾರ ಮಧ್ಯಾಹ್ನ ನೀನು ಬರೆದದ್ದು ಎರಡೇ ಸಾಲು.
ನಕಲು ಎಂದುಕೊಂಡು ಅಸಲನ್ನು ಒರೆಸಿದ್ದೆ.
ನಾಲ್ಕು ಕಚೇರಿಗಳ ಫೋನು ಒಟ್ಟಿಗೆ ಮೂಕವಾದವು,
ತೂಬುಗಳ ಮಟ್ಟ ತೋರುವ ಹಲಗೆ ಬೆಳ್ಳಗೆ ಬಿಳಿಚಿಕೊಂಡಿತು.
ನೀನು ಮಾತ್ರ ಹಸಿರು ಗುರುತು ಹಾಕಿ
"ಕೆಲಸ ಮುಗಿದಿದೆ" ಎಂದೆ.
ಹೆಸ್ಸೆಲ್ ಮೂರು ದಿನ ಗಡ್ಡ ಕೆರೆಯಲಿಲ್ಲ.

ನಿನಗೆ ಬುದ್ಧಿ ಇಲ್ಲವೆಂದಲ್ಲ.
ಮುನ್ನೂರು ಸ್ವಿಚ್ಚುಗಳ ಹೆಸರು ನನಗೆ ಬಾರದು, ನಿನಗೆ ಬಾಯಿಪಾಠ.
ಆದರೆ ನಿನ್ನ ಕಾಲಿಗೆ ಎಂದೂ ಕೆಸರು ತಾಗಿಲ್ಲ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ನಿನಗೆ ಆಡುವುದೂ ಒಡೆಯುವುದೂ
ಒಂದೇ ಗುಂಡಿ.

ವೊಪ್ಕೆ ಹೇಳುತ್ತಿದ್ದ, ಹಳೆಯ ಪಂಪಿನವನು:
ಅವನ ಅಪ್ಪನ ಕಾಲದಲ್ಲಿ ತೂಬಿನ ಹಿಡಿಕೆಯನ್ನು
ತೂಬಿನ ಬಳಿ ಇಡುತ್ತಿರಲಿಲ್ಲವಂತೆ.
ಅದು ಇರುತ್ತಿದ್ದದ್ದು ಬೇಕರಿಯಲ್ಲಿ, ಹಿಟ್ಟಿನ ಮೂಟೆಯ ಹಿಂದೆ.
ಬೇಕಾದವನು ದಂಡೆಯ ಮೇಲೆ ನಾನೂರು ಹೆಜ್ಜೆ ನಡೆಯಬೇಕು.
ನಡೆಯುವಾಗ ಸಿಟ್ಟು ಇಳಿಯುತ್ತದೆ, ನಿದ್ದೆ ಇಳಿಯುತ್ತದೆ.
ಆಮೇಲೆ ಬೇಕರಿಯವಳ ಮುಂದೆ ನಿಂತು
ಯಾಕೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು.
ಅರ್ಧ ಜನ ರೊಟ್ಟಿ ಕೊಂಡು ವಾಪಸು ಹೋಗುತ್ತಿದ್ದರಂತೆ.

ಆ ನಾನೂರು ಹೆಜ್ಜೆಯನ್ನೇ ನಿನಗೆ ಕಟ್ಟಿಕೊಟ್ಟೆ.
ಓದು, ಎಷ್ಟು ಬೇಕಾದರೂ ಓದು.
ತಿದ್ದು, ಹಳೆಯದರ ಪ್ರತಿ ತೆಗೆದಿಟ್ಟು ತಿದ್ದು.
ಅಳಿಸಬೇಕಾದರೆ ಇಬ್ಬರು ಮನುಷ್ಯರು ಏಳಬೇಕು,
ಇಬ್ಬರಲ್ಲೊಬ್ಬರು ಆ ಜಾಗವನ್ನು
ಕಣ್ಣಾರೆ ಕಂಡವರಾಗಿರಬೇಕು.
ಮುನಿಸಿಕೊಳ್ಳಬೇಡ, ಆ ಕೀಲಿ
ನನ್ನೊಬ್ಬಳ ಹತ್ತಿರವೂ ಇಲ್ಲ.
ಈ ಹೊತ್ತಿನಲ್ಲಿ ನನ್ನನ್ನು ನಾನೂ ನಂಬುವುದಿಲ್ಲ.

ವೊಪ್ಕೆಗೆ ಫೋನು ಮಾಡಿದೆ. ಆರು ಸಲ ರಿಂಗಾಯಿತು.
ಮೊದಲು ಕೆಮ್ಮು, ಆಮೇಲೆ ನಗು.
"ಹದಿನೇಳೇ? ಅದು ಸುಮ್ಮಸುಮ್ಮನೆ ಬಾಯಿಬಿಡೋದಲ್ಲ, ತಾಯಿ.
ಹಸುಗಳ ಮೊಣಕಾಲಿಗೆ ನೀರು ಬಂದರೆ ಕೂಗುತ್ತೆ.
ಒಂದೇ ಸಲ. ಆಗ ಕೇಳಿಸಿಕೊಳ್ಳೋರು ಇರಬೇಕು."
ಇಷ್ಟು ಹೇಳಿ, ಹೆಂಡತಿ ಎದ್ದಳು ಎಂದು ಫೋನಿಟ್ಟ.

ನಿನ್ನ ಅರ್ಜಿಯ ಕೆಳಗೆ "ಬೇಡ" ಎಂದು ಬರೆದೆ.

ಕಥೆಯಾಗಿದ್ದರೆ ಬೆಳಗಿನ ಜಾವಕ್ಕೆ ನೀರು ಏರಬೇಕಿತ್ತು,
ಹದಿನೇಳು ಕೂಗಬೇಕಿತ್ತು,
ನಾನು ಎದೆಯುಬ್ಬಿಸಿ ನಿನ್ನ ಕಡೆ ನೋಡಬೇಕಿತ್ತು.
ನಾಲ್ಕಕ್ಕೆ ಗಾಳಿ ದಿಕ್ಕು ತಿರುಗಿಸಿತು.
ಹಸುಗಳು ಒಣ ಕಾಲಲ್ಲೇ ಮಲಗಿದ್ದವು.
ನಾನು ಸರಿ ಎನ್ನಲು ನನ್ನ ಕೈಯಲ್ಲಿ ಏನೂ ಇಲ್ಲ,
ಒಂದು ಪಂಪು ಸುಮ್ಮನಿದೆ, ಅಷ್ಟೇ.

ಏಳಕ್ಕೆ ಹೆಸ್ಸೆಲ್ ಬಂದ, ಒದ್ದೆ ಹೆಲ್ಮೆಟ್ಟು ಮೇಜಿನ ಮೇಲಿಟ್ಟ.
ಪಾಳಿ ಒಪ್ಪಿಸುವ ಮುಂಚೆ ನೀನು ಬರೆದಿಟ್ಟ ಪಟ್ಟಿ ನೋಡಿದೆ.
"ಸತ್ತವು" ಎಂಬ ಕಂಬದಿಂದ ಅದನ್ನು ತೆಗೆದು
ಹೊಸದೊಂದು ಕಂಬ ಎಳೆದಿದ್ದೆ, ತಲೆಬರಹ ಹಾಕದೆ.
ಅದರಲ್ಲಿ ಒಂದೇ ಸಾಲು:
ಹದಿನೇಳು. ನೂರಾ ಹದಿಮೂರನೇ ದಿನ.
ವೊಪ್ಕೆಯನ್ನು ಕೇಳುವುದು.